ಬೇಡ ಅಂದವರ ಕೈಯಿಂದ ಬಂದ ಚಿಪ್‌ಗಳು: ಮೈಕ್ರೊಪ್ರೊಸೆಸರ್‌ನ ಮೊದಲ ಹತ್ತು ವರ್ಷ

ಮೈಕ್ರೊಪ್ರೊಸೆಸರ್ ಹುಟ್ಟಿದ್ದು ಕಂಪ್ಯೂಟರ್‌ಗಾಗಿ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಲ್ಲ. ಇಂಟೆಲ್ ಮಾಡಿದ ಮೊದಲನೆಯದು ಒಂದು ಕ್ಯಾಲ್ಕುಲೇಟರ್‌ಗೆ ಬೇಕಾಗಿತ್ತು. ಎರಡನೆಯದು ಒಂದು ಟರ್ಮಿನಲ್‌ಗೆ, ಅಂದರೆ ಎಲ್ಲೋ ಇರುವ ದೊಡ್ಡ ಕಂಪ್ಯೂಟರ್ ಜೊತೆ ಮಾತಾಡಲು ಮೇಜಿನ ಮೇಲೆ ಇಡುವ ಪರದೆ ಮತ್ತು ಕೀಬೋರ್ಡಿಗೆ. ತಮಾಷೆ ಏನೆಂದರೆ, ಆ ಎರಡು ಚಿಪ್‌ಗಳನ್ನು ಹೇಳಿ ಮಾಡಿಸಿದ ಎರಡೂ ಕಂಪನಿಗಳು ಕೊನೆಗೆ ಅವುಗಳ ಮೇಲಿನ ಹಕ್ಕನ್ನು ಕೈಬಿಟ್ಟವು. ಮುಂದಿನ ಹತ್ತು ವರ್ಷವೂ ಸುಮಾರಾಗಿ ಇದೇ ಕಥೆ. ಒಬ್ಬರು ಬೇಡ ಅಂದದ್ದು ಇನ್ನೊಬ್ಬರ ಪಾಲಿಗೆ ಬಂತು.

ಮೊದಲು, ಇದು ಏನು ಮಾಡುತ್ತೆ ಅನ್ನುವುದನ್ನು ನೋಡೋಣ. 1960ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್‌ನ ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆ ಸರ್ಕ್ಯೂಟ್ ಇರುತ್ತಿತ್ತು. ಕೂಡಲು ಒಂದು, ಅಂಕಿ ತೋರಿಸಲು ಒಂದು, ಕಾಗದದ ಮೇಲೆ ಅಚ್ಚು ಹಾಕಲು ಇನ್ನೊಂದು. ಹೊಸ ಮಾದರಿಗೆ ವರ್ಗಮೂಲದ ಗುಂಡಿ ಸೇರಿಸಬೇಕೆಂದರೆ ಸರ್ಕ್ಯೂಟನ್ನೇ ಹೊಸದಾಗಿ ಬರೆಯಬೇಕು. ಇಡ್ಲಿ ಪಾತ್ರೆ ಇದ್ದ ಹಾಗೆ, ಅದರಲ್ಲಿ ಇಡ್ಲಿ ಬಿಟ್ಟು ಬೇರೇನೂ ಆಗದು. ಬಾಣಲೆಯಾದರೆ ಪಲ್ಯವೂ ಸೈ, ಉಪ್ಪಿಟ್ಟೂ ಸೈ, ಬೋಂಡವೂ ಸೈ. ಪ್ರೊಸೆಸರ್ ಅನ್ನುವುದು ಬಾಣಲೆಯ ಜಾತಿ. ಅದಕ್ಕೆ ತನ್ನದೇ ಆದ ಕೆಲಸ ಇಲ್ಲ. ಮೆಮೊರಿಯಿಂದ ಒಂದು ಆದೇಶ ತರುತ್ತದೆ. ಅದು ಏನೆಂದು ಬಿಡಿಸಿ ನೋಡುತ್ತದೆ. ಹೇಳಿದ್ದನ್ನು ಮಾಡುತ್ತದೆ. ಆಮೇಲೆ ಮುಂದಿನ ಆದೇಶಕ್ಕೆ ಕೈ ಚಾಚುತ್ತದೆ. ಆದೇಶಗಳೂ ಭಾರೀ ಏನಲ್ಲ: ಈ ಅಂಕಿಯನ್ನು ಅಲ್ಲಿಡು, ಇವೆರಡನ್ನು ಕೂಡು, ಉತ್ತರ ಸೊನ್ನೆ ಬಂದರೆ ಆ ಸಾಲಿಗೆ ಹಾರು. ಸೆಕೆಂಡಿಗೆ ಸಾವಿರಾರು ಸಲ ಇಷ್ಟನ್ನೇ ಮಾಡುತ್ತಿದ್ದರೆ ಅದು ಕ್ಯಾಲ್ಕುಲೇಟರ್ ಆಗುತ್ತೆ, ಟ್ರಾಫಿಕ್ ಸಿಗ್ನಲ್ ಆಗುತ್ತೆ, ಆಟದ ಮಷಿನ್ನೂ ಆಗುತ್ತೆ.

ಈ ಯೋಚನೆ ಆಗಲೇ ಹಳತು. 1940ರ ದಶಕದ ಕೊನೆಯಿಂದಲೇ ಕಂಪ್ಯೂಟರ್‌ಗಳು ಹೀಗೆ ಕೆಲಸ ಮಾಡುತ್ತಿದ್ದವು. ಆದರೆ ಅವುಗಳ ಪ್ರೊಸೆಸರ್ ಒಂದು ಬೀರುವಿನಷ್ಟು ಜಾಗ ಹಿಡಿಯುತ್ತಿತ್ತು, ಅಥವಾ ಹತ್ತಾರು ಸರ್ಕ್ಯೂಟ್ ಬೋರ್ಡುಗಳ ಮೇಲೆ ಹರಡಿಕೊಂಡಿರುತ್ತಿತ್ತು. ಅದನ್ನು ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದೇ ಸಿಲಿಕಾನ್ ಚೂರಿನ ಮೇಲೆ ತಂದದ್ದು ಹೊಸದು.

ಜಪಾನಿನ ಕ್ಯಾಲ್ಕುಲೇಟರ್ ಕಂಪನಿ

ಇಂಟೆಲ್ ಶುರುವಾದದ್ದು 1968ರಲ್ಲಿ. ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಸ್ಥಾಪಿಸಿದ ಆ ಕಂಪನಿಯ ಕಸುಬು ಮೆಮೊರಿ ಚಿಪ್ ಮಾಡುವುದು. ಮೆಮೊರಿ ವ್ಯಾಪಾರ ಕುದುರುವವರೆಗೆ ಖರ್ಚಿಗೆ ಕಾಸು ಬೇಕಲ್ಲ, ಹಾಗಾಗಿ ಬೇರೆಯವರಿಗೆ ಚಿಪ್ ಮಾಡಿಕೊಡುವ ಕೆಲಸವನ್ನೂ ಹಿಡಿಯಿತು. 1969ರಲ್ಲಿ ಜಪಾನಿನ ಬ್ಯುಸಿಕಾಂ ಎಂಬ ಕ್ಯಾಲ್ಕುಲೇಟರ್ ಕಂಪನಿ ಬಂತು. ಅವರ ಎಂಜಿನಿಯರ್ ಮಸಾತೊಶಿ ಶಿಮಾ ಹಾಗೂ ಜೊತೆಗಾರರು ತಂದಿದ್ದ ನಕ್ಷೆಯಲ್ಲಿ ಹಲವು ವಿಶೇಷ ಚಿಪ್‌ಗಳಿದ್ದವು. ಒಂದೊಂದೂ ದೊಡ್ಡದು, ಒಂದೊಂದಕ್ಕೂ ತುಂಬಾ ಪಿನ್‌ಗಳು.

ಇಂಟೆಲ್‌ನಲ್ಲಿ ಅಷ್ಟು ಚಿಪ್ ಬರೆಯುವಷ್ಟು ಜನವೇ ಇರಲಿಲ್ಲ. ಇದನ್ನು ನೋಡಿಕೊಳ್ಳುತ್ತಿದ್ದ ಟೆಡ್ ಹಾಫ್ ಆಗ ಪಿಡಿಪಿ-8 ಎಂಬ ಸಣ್ಣ ಕಂಪ್ಯೂಟರ್ ಬಳಸುತ್ತಿದ್ದರು. ಅದರ ಪ್ರೊಸೆಸರ್ ತೀರಾ ಸರಳ. ಆದರೂ ಮೆಮೊರಿಯಲ್ಲಿ ಒಳ್ಳೆ ಪ್ರೋಗ್ರಾಂ ಇದ್ದರೆ ಎಂಥ ಲೆಕ್ಕವನ್ನಾದರೂ ಮಾಡುತ್ತಿತ್ತು. ಕ್ಯಾಲ್ಕುಲೇಟರನ್ನೂ ಹೀಗೇ ಯಾಕೆ ಮಾಡಬಾರದು? ಚಿಕ್ಕ ಪ್ರೊಸೆಸರ್ ಒಂದು ಇರಲಿ, ಜಾಣತನವೆಲ್ಲ ಮೆಮೊರಿಗೆ ಹೋಗಲಿ. ಮೆಮೊರಿ ಮಾರುವ ಕಂಪನಿಗೆ ಇದಕ್ಕಿಂತ ಒಳ್ಳೆ ಐಡಿಯಾ ಬೇಕಾ? ಹಾಫ್ ಮತ್ತು ಸ್ಟ್ಯಾನ್ಲಿ ಮೇಜರ್ ಸೇರಿ ನಾಲ್ಕು ಚಿಪ್‌ಗಳ ಒಂದು ಕುಟುಂಬವನ್ನು ಯೋಚಿಸಿದರು. 4001 ಪ್ರೋಗ್ರಾಂ ಇಡಲು, 4002 ಅಂಕಿಗಳನ್ನು ಇಡಲು, 4003 ಹೊರಗಿನ ಸಾಧನಗಳಿಗೆ, 4004 ಪ್ರೊಸೆಸರ್. ಬ್ಯುಸಿಕಾಂ ಒಪ್ಪಿತು.

ಯೋಚನೆ ಕಾಗದದ ಮೇಲೇ ತಿಂಗಳುಗಟ್ಟಲೆ ಬಿದ್ದಿತ್ತು. ಅದನ್ನು ಸಿಲಿಕಾನ್‌ಗೆ ಇಳಿಸಿದವರು ಇಟಲಿಯ ಫೆಡರಿಕೊ ಫ್ಯಾಜಿನ್. 1970ರ ಏಪ್ರಿಲ್‌ನಲ್ಲಿ ಫೇರ್‌ಚೈಲ್ಡ್ ಕಂಪನಿ ಬಿಟ್ಟು ಇಂಟೆಲ್‌ಗೆ ಬಂದರು. ಕೆಲಸಕ್ಕೆ ಸೇರಿ ಕೆಲವೇ ದಿನ, ಶಿಮಾ ಜಪಾನಿನಿಂದ ಬಂದಿಳಿದರು, ವಿನ್ಯಾಸ ಎಷ್ಟು ಮುಂದೆ ಹೋಗಿದೆ ನೋಡೋಣ ಅಂತ. ನೋಡಿದರೆ ಏನೂ ಆಗಿಲ್ಲ. ಶಿಮಾಗೆ ಎಷ್ಟು ಕೋಪ ಬಂದಿರಬೇಕು ನೀವೇ ಊಹಿಸಿ. ಆದರೆ ಅವರು ವಾಪಸು ಹೋಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲೇ ತಿಂಗಳುಗಟ್ಟಲೆ ಉಳಿದು ಫ್ಯಾಜಿನ್ ಜೊತೆ ಕೂತು ಕೆಲಸ ಮಾಡಿದರು. 4004ರ ಹೆಸರು ಬಂದಾಗ ಶಿಮಾ ಹೆಸರನ್ನು ಬಿಟ್ಟುಬಿಡುವವರೇ ಜಾಸ್ತಿ. ಅದು ಸರಿಯಲ್ಲ.

ಫ್ಯಾಜಿನ್ ಫೇರ್‌ಚೈಲ್ಡ್‌ನಲ್ಲಿದ್ದಾಗ ಬೆಳೆಸಿದ್ದು ಸಿಲಿಕಾನ್ ಗೇಟ್ ಎಂಬ ತಂತ್ರ. ಟ್ರಾನ್ಸಿಸ್ಟರ್ ಒಂದು ಸ್ವಿಚ್, ಅದನ್ನು ತೆರೆದು ಮುಚ್ಚುವ ಭಾಗ ಗೇಟ್. ಅಲ್ಲಿಯವರೆಗೆ ಗೇಟನ್ನು ಅಲ್ಯೂಮಿನಿಯಂನಿಂದ ಮಾಡುತ್ತಿದ್ದರು. ಅದು ಕೆಳಗಿನ ಪದರದ ಮೇಲೆ ಸರಿಯಾಗಿ ಕೂರದೆ ಸ್ವಲ್ಪ ಆಚೀಚೆ ಆಗುತ್ತಿತ್ತು, ಹಾಗಾಗಿ ಎಲ್ಲ ಕಡೆ ಒಂದಿಷ್ಟು ಜಾಗ ಬಿಡಬೇಕಿತ್ತು. ಸಿಲಿಕಾನ್‌ನಿಂದ ಮಾಡಿದರೆ ಗೇಟ್ ತಾನಾಗಿ ಸರಿಯಾದ ಜಾಗಕ್ಕೆ ಹೊಂದಿಕೊಳ್ಳುತ್ತೆ. ಟ್ರಾನ್ಸಿಸ್ಟರ್ ಚಿಕ್ಕದಾಗುತ್ತೆ, ವೇಗವೂ ಹೆಚ್ಚುತ್ತೆ. ಹೀಗಾಗಿ 2,300 ಟ್ರಾನ್ಸಿಸ್ಟರ್‌ಗಳನ್ನು ಒಂದೇ ಚಿಪ್‌ನಲ್ಲಿ ಕೂರಿಸಲು ಸಾಧ್ಯವಾಯಿತು.

1970ರ ಡಿಸೆಂಬರ್ ಕೊನೆಗೆ ಬಂದ ಮೊದಲ 4004ಗಳು ಕೆಲಸವನ್ನೇ ಮಾಡಲಿಲ್ಲ. ಕಾರ್ಖಾನೆಯಲ್ಲಿ ಒಂದು ಪದರವನ್ನೇ ಹಾಕಲು ಮರೆತಿದ್ದರು. ಜನವರಿಯಲ್ಲಿ ಬಂದವು ಕೆಲಸ ಮಾಡಿದವು. ಆ ಚಿಪ್‌ನ ಒಂದು ಅಂಚಿನಲ್ಲಿ ಫ್ಯಾಜಿನ್ ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೆತ್ತಿಟ್ಟಿದ್ದಾರೆ.

4004 ಒಂದು ಸಲಕ್ಕೆ 4 ಬಿಟ್ ಮಾತ್ರ ಹಿಡಿಯುತ್ತಿತ್ತು. ಬಿಟ್ ಅಂದರೆ ಒಂದು 0 ಅಥವಾ ಒಂದು 1. ಯಾಕೆ ನಾಲ್ಕೇ? ಕ್ಯಾಲ್ಕುಲೇಟರ್ ನೋಡುವುದು 0ಯಿಂದ 9ರವರೆಗಿನ ಅಂಕಿಗಳನ್ನು. ಒಂದು ಅಂಕಿಗೆ 4 ಬಿಟ್ ಸಾಕು. ಚಿಪ್‌ಗೆ ಇದ್ದದ್ದು 16 ಪಿನ್, ಇಂಟೆಲ್‌ಗೆ ಅದಕ್ಕಿಂತ ದೊಡ್ಡ ಹೊದಿಕೆ ಮಾಡುವ ಮನಸ್ಸಿರಲಿಲ್ಲ. ಹಾಗಾಗಿ ಮೆಮೊರಿಯ ವಿಳಾಸವನ್ನು ಮೂರು ತುಂಡು ಮಾಡಿ ಅದೇ ನಾಲ್ಕು ತಂತಿಗಳಲ್ಲಿ ಒಂದಾದ ಮೇಲೆ ಒಂದರಂತೆ ಕಳಿಸಬೇಕಿತ್ತು. ಇಷ್ಟೆಲ್ಲ ಸರ್ಕಸ್ ಮಾಡಿಯೂ ಸೆಕೆಂಡಿಗೆ ಸುಮಾರು 90 ಸಾವಿರ ಆದೇಶಗಳನ್ನು ಮುಗಿಸುತ್ತಿತ್ತು.

ಒಪ್ಪಂದದ ಪ್ರಕಾರ 4004 ಬ್ಯುಸಿಕಾಂಗೆ ಮಾತ್ರ ಸೇರಿದ್ದು. ಇಂಟೆಲ್ ಬೇರೆಯವರಿಗೆ ಮಾರುವಂತಿರಲಿಲ್ಲ. ಅಷ್ಟರಲ್ಲಿ ಕ್ಯಾಲ್ಕುಲೇಟರ್ ಬೆಲೆ ಕುಸಿಯತೊಡಗಿತು, ಬ್ಯುಸಿಕಾಂಗೆ ಹಣದ ಮುಗ್ಗಟ್ಟು. ಚಿಪ್‌ನ ಬೆಲೆ ಇಳಿಸಿ ಅಂತ ಕೇಳಿದರು. ಇಂಟೆಲ್ 60,000 ಡಾಲರ್ ವಾಪಸು ಕೊಟ್ಟು, ಬೇರೆ ಕೆಲಸಗಳಿಗೆ ಮಾರುವ ಹಕ್ಕನ್ನು ಬಿಡಿಸಿಕೊಂಡಿತು. 1971ರ ನವೆಂಬರ್‌ನಲ್ಲಿ 4004ರ ಜಾಹೀರಾತು ಬಂತು. ಬ್ಯುಸಿಕಾಂ 1974ರಲ್ಲಿ ದಿವಾಳಿಯಾಯಿತು.

ಇಂಟೆಲ್‌ಗೂ ಇದನ್ನು ಮಾರುವುದು ಹೇಗೆ ಅಂತ ಅಷ್ಟಾಗಿ ಗೊತ್ತಿರಲಿಲ್ಲ. ಅವರ ಗಿರಾಕಿಗಳು ಸರ್ಕ್ಯೂಟ್ ಎಂಜಿನಿಯರ್‌ಗಳು, ಪ್ರೋಗ್ರಾಂ ಬರೆದು ಅಭ್ಯಾಸ ಇದ್ದವರಲ್ಲ. ಇಲ್ಲಿ ಸಹಾಯಕ್ಕೆ ಬಂದದ್ದು ಅದೇ ಇಂಟೆಲ್‌ನ ಡಾವ್ ಫ್ರೋಮನ್ 1971ರಲ್ಲಿ ಮಾಡಿದ ಇಪ್ರಾಂ ಎಂಬ ಮೆಮೊರಿ. ಅದರ ತಲೆ ಮೇಲೆ ಪುಟ್ಟ ಗಾಜಿನ ಕಿಟಕಿ. ನೇರಳಾತೀತ ಬೆಳಕಿಗೆ ಒಡ್ಡಿದರೆ ಒಳಗಿನದು ಅಳಿಸಿಹೋಗುತ್ತೆ, ಮತ್ತೆ ಬರೆಯಬಹುದು. ಪ್ರೋಗ್ರಾಂ ತಪ್ಪಾದರೆ ಹೊಸ ಚಿಪ್ ಮಾಡಿಸಬೇಕಿಲ್ಲ. ಪ್ರೊಸೆಸರ್ ಜನರ ಕೈಗೆ ಹತ್ತಿದ್ದರಲ್ಲಿ ಈ ಇಪ್ರಾಂ ಪಾಲು ದೊಡ್ಡದು ಅಂತ ನನಗನ್ನಿಸುತ್ತದೆ. ಇತಿಹಾಸ ಹೇಳುವಾಗ ಇದಕ್ಕೆ ಒಂದು ಸಾಲೂ ಸಿಗುವುದಿಲ್ಲ.

ಟೆಕ್ಸಾಸ್‌ನ ಟರ್ಮಿನಲ್

ಅದೇ ಹೊತ್ತಿಗೆ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಕಂಪ್ಯೂಟರ್ ಟರ್ಮಿನಲ್ ಕಾರ್ಪೊರೇಷನ್ ಎಂಬ ಕಂಪನಿ ಡೇಟಾಪಾಯಿಂಟ್ 2200 ಎಂಬ ಯಂತ್ರ ಮಾಡುತ್ತಿತ್ತು. ಅದರ ಪ್ರೊಸೆಸರ್‌ನ ವಿನ್ಯಾಸ ವಿಕ್ಟರ್ ಪೂರ್ ಮತ್ತು ಹ್ಯಾರಿ ಪೈಲ್ ಅವರದ್ದು. ಬೋರ್ಡ್ ತುಂಬಾ ಇದ್ದ ಆ ಪ್ರೊಸೆಸರನ್ನು ಒಂದೇ ಚಿಪ್‌ನಲ್ಲಿ ಮಾಡಿಕೊಡಿ ಅಂತ ಇಂಟೆಲ್‌ಗೂ ಕೇಳಿದರು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೂ ಕೇಳಿದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಮೊದಲು ಬಂತು, ಆದರೆ ಮಾರುಕಟ್ಟೆಗೆ ಬರಲೇ ಇಲ್ಲ. ಇಂಟೆಲ್‌ನದ್ದು ತಡವಾಯಿತು, ನಿಧಾನವೂ ಆಗಿತ್ತು. ಕಾದು ಕಾದು ಬೇಸತ್ತ ಟರ್ಮಿನಲ್ ಕಂಪನಿ ಬೋರ್ಡಿನ ಪ್ರೊಸೆಸರನ್ನೇ ಇಟ್ಟುಕೊಂಡಿತು. ಚಿಪ್‌ನ ಹಕ್ಕು ಇಂಟೆಲ್‌ಗೇ ಉಳಿಯಿತು. 1972ರ ಏಪ್ರಿಲ್‌ನಲ್ಲಿ ಅದು 8008 ಎಂಬ ಹೆಸರಲ್ಲಿ ಹೊರಬಂತು. 8 ಬಿಟ್‌ನದ್ದು, ಸುಮಾರು 3,500 ಟ್ರಾನ್ಸಿಸ್ಟರ್.

ಇಲ್ಲಿ ಸ್ವಲ್ಪ ನಿಲ್ಲೋಣ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೆ 8008ರ ವಂಶದ್ದೇ ಆದ 8085 ಚಿಪ್‌ನ ಕಿಟ್ ನೆನಪಿರುತ್ತೆ, ಅಲ್ವಾ? ಕೆಂಪು ಅಂಕಿಗಳ ಪುಟ್ಟ ಡಿಸ್‌ಪ್ಲೇ, ಗಟ್ಟಿಯಾಗಿ ಒತ್ತಬೇಕಾದ ಕೀಲಿಗಳು. ಅದರ ರಿಜಿಸ್ಟರ್‌ಗಳು, ಅಂದರೆ ಪ್ರೊಸೆಸರ್ ತನ್ನೊಳಗೇ ಅಂಕಿ ಇಟ್ಟುಕೊಳ್ಳುವ ಪುಟ್ಟ ಗೂಡುಗಳು, ಎ, ಬಿ, ಸಿ, ಡಿ, ಇ, ಎಚ್, ಎಲ್. ಆ ಏಳೂ ಡೇಟಾಪಾಯಿಂಟ್ 2200ರಲ್ಲಿ ಅದೇ ಹೆಸರಲ್ಲಿ ಇದ್ದವು. ವೈವಾದಲ್ಲಿ ಕೇಳುತ್ತಿದ್ದ ಪಾರಿಟಿ ಫ್ಲ್ಯಾಗ್? ಟರ್ಮಿನಲ್‌ಗೆ ತಂತಿಯಲ್ಲಿ ಬಂದ ಅಕ್ಷರ ಕೆಟ್ಟಿದೆಯೋ ಇಲ್ಲವೋ ಅಂತ ನೋಡಲು ಅದು ಬೇಕಿತ್ತು.

ಇನ್ನೂ ಒಂದು ಇದೆ. 2050 ಎಂಬ ವಿಳಾಸದಿಂದ ಅಂಕಿ ತರಬೇಕೆಂದರೆ ಕಿಟ್‌ನಲ್ಲಿ 3ಎ (ಇದು ತರುವ ಆದೇಶ), 50, 20 ಅಂತ ಒತ್ತಬೇಕಿತ್ತು. ವಿಳಾಸ ತಿರುಗುಮುರುಗು. ಯಾಕೆ ಸಾರ್ ಅಂತ ಕೇಳಿದರೆ ಹಾಗೇ ಇರೋದು ಅನ್ನುವ ಉತ್ತರ ಎಷ್ಟೋ ಜನರಿಗೆ ಸಿಕ್ಕಿರುತ್ತದೆ. ಕಾರಣ ಮತ್ತೆ ಆ ಟರ್ಮಿನಲ್ಲೇ. ಖರ್ಚು ಉಳಿಸಲು ಡೇಟಾಪಾಯಿಂಟ್ 2200ರಲ್ಲಿ ಬಿಟ್‌ಗಳು ಸಾಲಾಗಿ ಸರಿಯುತ್ತಾ ಬರುವ ಮೆಮೊರಿ ಹಾಕಿದ್ದರು. ಪ್ರೊಸೆಸರ್ ಸಹ ಒಂದು ಸಲಕ್ಕೆ ಒಂದೇ ಬಿಟ್ ನೋಡುತ್ತಿತ್ತು. ನಾವು ಕೂಡುವ ಲೆಕ್ಕವನ್ನು ಬಿಡಿ ಸ್ಥಾನದಿಂದ ಶುರು ಮಾಡುತ್ತೇವೆ, ಕೈಲಿ ಉಳಿದದ್ದನ್ನು ಮುಂದಿನ ಸ್ಥಾನಕ್ಕೆ ಒಯ್ಯುತ್ತೇವೆ. ಬಿಟ್‌ಗಳು ಒಂದೊಂದಾಗಿ ಬರುವ ಯಂತ್ರಕ್ಕೂ ಹಾಗೇ, ಸಣ್ಣ ಬೆಲೆಯ ಭಾಗ ಮೊದಲು ಬರಬೇಕು. ಹಾಗಾಗಿ ವಿಳಾಸದ ಕೆಳಗಿನ ಅರ್ಧ ಮೊದಲು, ಮೇಲಿನ ಅರ್ಧ ಆಮೇಲೆ. 8008ಕ್ಕೆ ಅಂಥ ಮೆಮೊರಿ ಇರಲಿಲ್ಲ, ಆ ಕ್ರಮದ ಅಗತ್ಯವೂ ಇರಲಿಲ್ಲ. ಆದರೂ ಗಿರಾಕಿಯ ವಿನ್ಯಾಸಕ್ಕೆ ಹೊಂದಬೇಕಿತ್ತಲ್ಲ, ಬಂತು. ಅಲ್ಲಿಂದ 8080, 8085, 8086, ಈಗಿನ ಇಂಟೆಲ್ ಮತ್ತು ಎಎಂಡಿ ಲ್ಯಾಪ್‌ಟಾಪ್‌ಗಳವರೆಗೂ ಬಂದಿದೆ.

ಹಾಗಾದರೆ ಮೊದಲ ಮೈಕ್ರೊಪ್ರೊಸೆಸರ್ 4004 ಅನ್ನುವುದು ಖಚಿತವೇ? ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ, ಒಂದೇ ಚಿಪ್‌ನ ಪ್ರೊಸೆಸರ್ ಅಂದರೆ ಹೌದು. ಆ ಷರತ್ತುಗಳನ್ನು ಸಡಿಲಿಸಿದರೆ ಬೇರೆ ಹೆಸರುಗಳು ಬರುತ್ತವೆ. ಅಮೆರಿಕದ ಎಫ್-14 ಯುದ್ಧವಿಮಾನಕ್ಕೆ ರೇ ಹೋಲ್ಟ್ ಮತ್ತಿತರರು ಮಾಡಿದ ಚಿಪ್‌ಗಳ ಗುಂಪು 1970ರಲ್ಲೇ ಸಿದ್ಧವಾಗಿತ್ತು, ಆದರೆ 1998ರವರೆಗೆ ಅದು ಸೇನೆಯ ಗುಟ್ಟು. ಫೋರ್-ಫೇಸ್ ಕಂಪನಿಯಲ್ಲಿ ಲೀ ಬಾಯ್ಸೆಲ್ ಮಾಡಿದ ಎಎಲ್1 ಸಹ 4004ಕ್ಕಿಂತ ಮೊದಲಿನದು. ಈ ಜಗಳ ಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು. ಅದರಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಟ್ರಾನ್ಸಿಸ್ಟರ್ ಅಷ್ಟು ಚಿಕ್ಕದಾದ ಮೇಲೆ ಯಾರಾದರೂ ಮಾಡಿಯೇ ಮಾಡುತ್ತಿದ್ದರು.

25 ಡಾಲರ್

1974ರಲ್ಲಿ ಇಂಟೆಲ್ 8080 ತಂದಿತು. ಫ್ಯಾಜಿನ್ ಜೊತೆಗೆ ಶಿಮಾ, ಅವರು ಅಷ್ಟರಲ್ಲಿ ಇಂಟೆಲ್‌ಗೇ ಸೇರಿದ್ದರು. ಈ ಸಲ 40 ಪಿನ್, 64 ಕಿಲೋಬೈಟ್ ಮೆಮೊರಿ ನೋಡುವ ಶಕ್ತಿ. 1975ರ ಜನವರಿಯಲ್ಲಿ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಕಂಡ ಆಲ್ಟೇರ್ 8800 ಕಿಟ್‌ನ ಒಳಗಿದ್ದದ್ದು ಇದೇ ಚಿಪ್. ಕೀಬೋರ್ಡ್ ಇಲ್ಲ, ಪರದೆ ಇಲ್ಲ, ಮುಂದೆ ಸಾಲು ಸ್ವಿಚ್‌ಗಳು ಮತ್ತು ದೀಪಗಳು ಅಷ್ಟೆ. ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಬೇಸಿಕ್ ಭಾಷೆ ಬರೆದು ಮಾರಿದ್ದು ಇದಕ್ಕೇ.

ಆದರೆ 8080 ಒಂದಕ್ಕೆ 360 ಡಾಲರ್. ಅದೇ ವರ್ಷ ಬಂದ ಮೊಟೊರೊಲಾ 6800 ಸಹ ಹೆಚ್ಚುಕಡಿಮೆ ಅಷ್ಟೇ ದುಬಾರಿ. ಮೊಟೊರೊಲಾದ ಚಕ್ ಪೆಡಲ್ ಊರೂರು ತಿರುಗಿ ಗಿರಾಕಿಗಳಿಗೆ 6800 ಪಾಠ ಹೇಳುತ್ತಿದ್ದರು. ಎಲ್ಲರಿಗೂ ಇಷ್ಟವಾಗುತ್ತಿತ್ತು, ಬೆಲೆ ಕೇಳಿದ ಕೂಡಲೇ ಎದ್ದು ಹೋಗುತ್ತಿದ್ದರು. 25 ಡಾಲರ್‌ಗೆ ಕೊಟ್ಟರೆ ತಗೋತೀವಿ ಅನ್ನುವ ಮಾತು. ಪೆಡಲ್ ಆ ಬೆಲೆಯ ಚಿಪ್ ಮಾಡೋಣ ಅಂದರು. ಕಂಪನಿ ಬೇಡ ಅಂದಿತು. 1974ರಲ್ಲಿ ಪೆಡಲ್ ಮತ್ತು ಕೆಲವು ಸಹೋದ್ಯೋಗಿಗಳು ಕೆಲಸ ಬಿಟ್ಟು ಪೆನ್ಸಿಲ್ವೇನಿಯಾದ ಮಾಸ್ ಟೆಕ್ನಾಲಜಿ ಎಂಬ ಸಣ್ಣ ಕಂಪನಿ ಸೇರಿದರು.

ಬೆಲೆ ಇಳಿಸುವುದು ಹೇಗೆ? ಚಿಪ್‌ಗಳನ್ನು ಒಂದೊಂದಾಗಿ ಮಾಡುವುದಿಲ್ಲ. ವೇಫರ್ ಎಂಬ ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳನ್ನು ಒಟ್ಟಿಗೆ ಮೂಡಿಸಿ ಆಮೇಲೆ ಕತ್ತರಿಸುತ್ತಾರೆ. ವೇಫರ್‌ಗೆ ತಗಲುವ ಖರ್ಚು ಒಂದೇ. ಅದರ ಮೇಲೆ ಅಲ್ಲಲ್ಲಿ ಧೂಳು, ದೋಷ ಇದ್ದೇ ಇರುತ್ತೆ. ದೋಷ ಬಿದ್ದ ಚಿಪ್ ಕಸದ ಬುಟ್ಟಿಗೆ. ಹತ್ತು ದೋಷ ಇರುವ ವೇಫರ್‌ನಲ್ಲಿ ಇಪ್ಪತ್ತೇ ದೊಡ್ಡ ಚಿಪ್ ಇದ್ದರೆ ಅರ್ಧದಷ್ಟು ಹಾಳು. ನೂರು ಚಿಕ್ಕ ಚಿಪ್ ಇದ್ದರೆ ತೊಂಬತ್ತು ಉಳಿಯುತ್ತವೆ. ಚಿಪ್ ಚಿಕ್ಕದಾದಷ್ಟೂ ಎರಡು ಕಡೆಯಿಂದ ಲಾಭ. ಹಾಗಾಗಿ ಪೆಡಲ್, ಬಿಲ್ ಮೆನ್ಶ್ ಮೊದಲಾದವರು 6800ರಲ್ಲಿ ಇಲ್ಲದಿದ್ದರೂ ನಡೆಯುವುದನ್ನೆಲ್ಲ ಕಿತ್ತು ಹಾಕಿದರು. ಎಣಿಸಿ ಮೂರೇ ಮೂರು ಕೆಲಸದ ರಿಜಿಸ್ಟರ್ ಉಳಿಸಿದರು, ಇಡೀ ನಕ್ಷೆಯನ್ನು ಕೈಯಲ್ಲೇ ಬರೆದರು. ಜೊತೆಗೆ ಮಾಸ್ ಟೆಕ್ನಾಲಜಿಗೆ ಮಾಸ್ಕ್, ಅಂದರೆ ಅಚ್ಚಿನಲ್ಲೇ ಇರುವ ದೋಷಗಳನ್ನು ತಿದ್ದುವ ಜಾಣ್ಮೆ ಇತ್ತು. ಬೇರೆ ಕಡೆ ಅಚ್ಚಿನ ದೋಷ ಪ್ರತಿ ವೇಫರ್‌ನಲ್ಲೂ ಮರುಕಳಿಸುತ್ತಿತ್ತು.

1975ರ ಸೆಪ್ಟೆಂಬರ್, ಸ್ಯಾನ್ ಫ್ರಾನ್ಸಿಸ್ಕೊದ ವೆಸ್ಕಾನ್ ಎಂಬ ಎಲೆಕ್ಟ್ರಾನಿಕ್ಸ್ ಮೇಳ. ಮೇಳದ ಮಳಿಗೆಯಲ್ಲಿ ಮಾರಾಟಕ್ಕೆ ಅವಕಾಶ ಇರಲಿಲ್ಲ. ಪೆಡಲ್ ತಂಡ ಹೋಟೆಲ್ ರೂಮಿನಲ್ಲಿ ಅಂಗಡಿ ಇಟ್ಟಿತು. ಗಾಜಿನ ಭರಣಿ ತುಂಬಾ 6502 ಚಿಪ್‌ಗಳು. 25 ಡಾಲರ್ ಕೊಡಿ, ಒಂದು ತಗೊಳ್ಳಿ. ಭರಣಿ ನೋಡಿದವರಿಗೆ ಇವರ ಹತ್ತಿರ ರಾಶಿ ರಾಶಿ ಸರಕು ಇದೆ ಅನ್ನಿಸಬೇಕು. ನಿಜ ಏನೆಂದರೆ ಮೇಲಿನವು ಮಾತ್ರ ಕೆಲಸ ಮಾಡುತ್ತಿದ್ದವು, ಅಡಿಯಲ್ಲಿದ್ದವು ಕೆಟ್ಟ ಚಿಪ್‌ಗಳು! ಸಂತೆ ವ್ಯಾಪಾರದ ಈ ಉಪಾಯ ಪೆಡಲ್ ಅವರೇ ಆಮೇಲೆ ಹೇಳಿಕೊಂಡದ್ದು. ಮೊಟೊರೊಲಾ ಕೇಸು ಹಾಕಿತು. 6800ರ ಜಾಗಕ್ಕೇ ನೇರವಾಗಿ ಕೂರುತ್ತಿದ್ದ 6501 ಎಂಬ ಇನ್ನೊಂದು ಚಿಪ್ಪನ್ನು ಮಾಸ್ ಟೆಕ್ನಾಲಜಿ ಹಿಂತೆಗೆದುಕೊಂಡು, ಎರಡು ಲಕ್ಷ ಡಾಲರ್ ಕಟ್ಟಿ ರಾಜಿಯಾಯಿತು. 6502 ಉಳಿಯಿತು. ಮೊಟೊರೊಲಾ ತನ್ನ 6800ರ ಬೆಲೆಯನ್ನು ಕೆಲವೇ ವಾರಗಳಲ್ಲಿ 69 ಡಾಲರ್‌ಗೆ ಇಳಿಸಿತು.

ಅಗ್ಗ ಅನ್ನುವ ಕಾರಣಕ್ಕೇ 6502 ಕೊಂಡವರಲ್ಲಿ ಸ್ಟೀವ್ ವೋಜ್ನಿಯಾಕ್ ಒಬ್ಬರು. ಆಪಲ್ 1 ಮತ್ತು ಆಪಲ್ 2 ಅದರಿಂದಲೇ ಆದವು. ಕೊಮೊಡೊರ್ ಕಂಪನಿ ಮಾಸ್ ಟೆಕ್ನಾಲಜಿಯನ್ನೇ ಕೊಂಡುಬಿಟ್ಟಿತು. ಇಂಗ್ಲೆಂಡಿನ ಏಕಾರ್ನ್ 1981ರಲ್ಲಿ ತಂದ ಬಿಬಿಸಿ ಮೈಕ್ರೊದಲ್ಲೂ 6502. ನಮ್ಮ ದೇಶದಲ್ಲಿ 1984ರ ಹೊತ್ತಿಗೆ ಕೇಂದ್ರ ಸರ್ಕಾರ 'ಕ್ಲಾಸ್' ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟದ್ದು ಇದೇ ಬಿಬಿಸಿ ಮೈಕ್ರೊ. ಮುಂದೆ ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್, 6502ರ ಸರಳತೆಯಿಂದ ಪಾಠ ಕಲಿತು, ತಾವೇ ಒಂದು ಪ್ರೊಸೆಸರ್ ಬರೆದರು. 1985ರಲ್ಲಿ ಬಂದ ಅದರ ಹೆಸರು ಆರ್ಮ್. ನಿಮ್ಮ ಮೊಬೈಲ್‌ನಲ್ಲಿರುವುದು ಅದರ ವಂಶದ್ದೇ.

ಇತ್ತ ಫ್ಯಾಜಿನ್ 1974ರ ಕೊನೆಗೆ ಇಂಟೆಲ್ ಬಿಟ್ಟು ಝೈಲಾಗ್ ಕಂಪನಿ ಕಟ್ಟಿದರು. ಶಿಮಾ ಅಲ್ಲಿಗೂ ಬಂದರು. 1976ರಲ್ಲಿ ಬಂದ ಝೆಡ್80, 8080ರ ಪ್ರೋಗ್ರಾಂಗಳನ್ನು ಹಾಗೇ ಓಡಿಸುತ್ತಿತ್ತು. 8080ಕ್ಕೆ ಮೂರು ಬಗೆಯ ವೋಲ್ಟೇಜ್ ಬೇಕಿತ್ತು, ಇದಕ್ಕೆ 5 ವೋಲ್ಟ್ ಒಂದೇ ಸಾಕು. ನಕಲು ಮಾಡುವವರನ್ನು ದಾರಿ ತಪ್ಪಿಸಲು ಶಿಮಾ ಅದರೊಳಗೆ ಕೆಲವು ಸುಳ್ಳು ಟ್ರಾನ್ಸಿಸ್ಟರ್‌ಗಳನ್ನೂ ಅಡಗಿಸಿದ್ದರು. ಝೆಡ್80 ಎಷ್ಟು ಗಟ್ಟಿ ಅಂದರೆ ಅದಕ್ಕೆ ಕೊನೆಯ ಆರ್ಡರ್ ತೆಗೆದುಕೊಂಡದ್ದು 2024ರಲ್ಲಿ. ಇಂಟೆಲ್ ಕೊಟ್ಟ ಉತ್ತರ 8085. ಪೇಟೆಯಲ್ಲಿ ಅದು ಝೆಡ್80ಗೆ ಸಾಟಿಯಾಗಲಿಲ್ಲ. ನಮ್ಮ ಸಿಲಬಸ್‌ನಲ್ಲಿ ಮಾತ್ರ ದಶಕಗಟ್ಟಲೆ ರಾಜ್ಯಭಾರ ಮಾಡಿತು.

ತಾತ್ಕಾಲಿಕ ಅಂತ ಮಾಡಿದ್ದು

1976ರಲ್ಲಿ ಇಂಟೆಲ್ ಕನಸು ಕಾಣುತ್ತಿದ್ದ ಚಿಪ್ ಬೇರೆಯೇ. ಕೊನೆಗೆ 432 ಅಂತ ಹೆಸರಾದ, ಬಲು ಆಡಂಬರದ ವಿನ್ಯಾಸ. ಅದು ತಡವಾಗುತ್ತಾ ಹೋಯಿತು. ಝೆಡ್80 ಗಿರಾಕಿಗಳನ್ನು ಕಿತ್ತುಕೊಳ್ಳುತ್ತಿತ್ತು. ಅಲ್ಲಿಯವರೆಗೆ ಕೈ ಹಿಡಿಯಲು ಏನಾದರೂ ಬೇಕು ಅಂತ ಸ್ಟೀಫನ್ ಮೋರ್ಸ್ ಎಂಬ ಎಂಜಿನಿಯರ್‌ಗೆ ಕೆಲಸ ಒಪ್ಪಿಸಿದರು. ಹೀಗೆ ಆದದ್ದು 8086. 1978ರ ಜೂನ್‌ನಲ್ಲಿ ಬಂತು. 16 ಬಿಟ್, ಸುಮಾರು 29,000 ಟ್ರಾನ್ಸಿಸ್ಟರ್.

ಆತುರದ ಗುರುತು ಅದರಲ್ಲಿ ಕಾಣುತ್ತೆ. 8080ಕ್ಕೆ ಬರೆದ ಪ್ರೋಗ್ರಾಂಗಳನ್ನು ಸುಲಭವಾಗಿ ಇದಕ್ಕೆ ತಿರುಗಿಸಿಕೊಳ್ಳುವಂತಿರಬೇಕು ಅನ್ನುವುದು ಷರತ್ತು. 16 ಬಿಟ್‌ನಲ್ಲಿ 64 ಕಿಲೋಬೈಟ್ ಮಾತ್ರ ಎಣಿಸಬಹುದು, ಅವರಿಗೆ ಬೇಕಿದ್ದದ್ದು ಒಂದು ಮೆಗಾಬೈಟ್, ಅಂದರೆ 20 ಬಿಟ್. ಅದಕ್ಕೆ ಮೋರ್ಸ್ ಎರಡು ಸಂಖ್ಯೆಗಳ ವಿಳಾಸ ಮಾಡಿದರು. ಮೊದಲ ಸಂಖ್ಯೆಯನ್ನು 16ರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ ನಿಜವಾದ ಜಾಗ ಸಿಗುತ್ತದೆ. ಒಂದೇ ಜಾಗಕ್ಕೆ ಸಾವಿರಾರು ವಿಳಾಸ! 8086 ಲ್ಯಾಬ್‌ನಲ್ಲಿ ಸೆಗ್ಮೆಂಟ್, ಆಫ್‌ಸೆಟ್ ಅಂತ ತಲೆ ಕೆರೆದುಕೊಂಡವರಿಗೆ ಇದು ಗೊತ್ತು.

1979ರಲ್ಲಿ ಬಂದ ಮೊಟೊರೊಲಾ 68000 ಇದಕ್ಕಿಂತ ಎಷ್ಟೋ ಅಚ್ಚುಕಟ್ಟಾದ ಚಿಪ್. ಪ್ರೋಗ್ರಾಂ ಬರೆಯುವವರನ್ನು ಕೇಳಿದ್ದರೆ ಅದೇ ಬೇಕು ಅನ್ನುತ್ತಿದ್ದರು. ಆದರೆ ಫ್ಲಾರಿಡಾದ ಬೋಕಾ ರೇಟನ್‌ನಲ್ಲಿ ಐಬಿಎಂ ತಂಡಕ್ಕೆ ಬೇಗ ಒಂದು ಪರ್ಸನಲ್ ಕಂಪ್ಯೂಟರ್ ಮಾಡಿ ಮುಗಿಸಬೇಕಿತ್ತು. ಇಂಟೆಲ್ ಹತ್ತಿರ 8088 ಸಿದ್ಧವಿತ್ತು. ಒಳಗೆ 8086, ಹೊರಗಿನ ತಂತಿ ಮಾತ್ರ 8 ಬಿಟ್. ಅಗ್ಗದ ಹಳೇ 8 ಬಿಟ್ ಬಿಡಿಭಾಗಗಳನ್ನು ಜೊತೆಗೆ ಹಾಕಬಹುದು. ಐಬಿಎಂ ಎಂಜಿನಿಯರ್‌ಗಳಿಗೆ 8085ರಲ್ಲಿ ಕೈ ಪಳಗಿತ್ತು ಕೂಡ. 1981ರ ಆಗಸ್ಟ್ 12ರಂದು ಬಂದ ಐಬಿಎಂ ಪಿಸಿಯಲ್ಲಿ 4.77 ಮೆಗಾಹರ್ಟ್ಸ್‌ನ 8088 ಇತ್ತು. ಆ ವಿಚಿತ್ರ ಅಂಕಿಗೂ ಕಾರಣ ಮಿತವ್ಯಯವೇ. ಟಿವಿ ಬಣ್ಣಕ್ಕೆ ಬೇಕಾದ 14.318 ಮೆಗಾಹರ್ಟ್ಸ್‌ನ ಹರಳು ಸುಲಭವಾಗಿ ಸಿಗುತ್ತಿತ್ತು. ಅದನ್ನೇ ಹಾಕಿ, ಪ್ರೊಸೆಸರ್‌ಗೆ ಅದರ ಮೂರನೇ ಒಂದು ಭಾಗ ಕೊಟ್ಟರು.

ಇಂಟೆಲ್‌ನ ಕನಸಿನ 432 ಸಹ 1981ರಲ್ಲೇ ಬಂತು. ತೀರಾ ನಿಧಾನವಾಗಿತ್ತು, ಯಾರೂ ಕೊಳ್ಳಲಿಲ್ಲ. ತಾತ್ಕಾಲಿಕ ಅಂತ ಮಾಡಿದ 8086ರ ವಂಶ ಮಾತ್ರ ಬೆಳೆಯುತ್ತಾ ಹೋಯಿತು. ಇವತ್ತಿನ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳೂ ಕರೆಂಟ್ ಕೊಟ್ಟ ಮೊದಲ ಗಳಿಗೆಯಲ್ಲಿ 16 ಬಿಟ್‌ನ ಆ ಹಳೇ ರೀತಿಯಲ್ಲೇ ಏಳುತ್ತವೆ. ಆಮೇಲೆ 64 ಬಿಟ್‌ಗೆ ಬದಲಾಗುತ್ತವೆ. ಈ ಹಳೇ ಗಂಟನ್ನು ತೆಗೆದುಹಾಕೋಣ ಅಂತ ಇಂಟೆಲ್ 2023ರಲ್ಲಿ ಒಂದು ಪ್ರಸ್ತಾಪ ಮುಂದಿಟ್ಟಿತ್ತು. 2024ರ ಕೊನೆಗೆ ಅದನ್ನು ಕೈಬಿಟ್ಟಿತು.